ನಾಲ್ಕನೇ ಅಧ್ಯಾಯದ ಹಕ್ಕಿ

ಸ್ಕ್ವೈರ್ ಸ್ವೇನ್ ಅಚ್ಚುಕೂಟಕ್ಕೆ ಬಂದರೆ ಕೂರುತ್ತಿರಲಿಲ್ಲ. ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಹಗ್ಗದ ಮೇಲೆ ಒಣಗಲು ಹಾಕಿದ ಹಾಳೆಗಳ ನಡುವೆ ತಲೆ ತಗ್ಗಿಸಿ ಓಡಾಡುತ್ತಿದ್ದರು. ಬಾಸ್ಟನ್ನಿನ ಪತ್ರಿಕೆ ಬರುವುದು ಬುಧವಾರ. ಅದನ್ನು ಒಯ್ಯಲು ಬಂದವರು ಕಾಲು ಗಂಟೆಯಾದರೂ ಇದ್ದು ಹೋಗುವುದು ರೂಢಿ. ಊರಿನ ಸಣ್ಣಪುಟ್ಟ ವ್ಯಾಜ್ಯಗಳನ್ನು ತೀರಿಸುವವರು ಅವರೇ. ಕಾಲೇಜಿನಲ್ಲಿ ಓದಿದ್ದರು, ಹರೆಯದಲ್ಲಿ ಎರಡು ವರ್ಷ ಲಂಡನ್ನಿನಲ್ಲಿ ಇದ್ದು ಬಂದಿದ್ದರು. ಒಣಗದ ಹಾಳೆಯನ್ನು ಬೇರೆ ಯಾರಾದರೂ ಮುಟ್ಟಿದರೆ ಅಚ್ಚುಕೂಟದ ಒಡತಿ ಲೋಯಿಸ್ ಟ್ರಾಸ್ಕ್ ಬೈಯುತ್ತಿದ್ದಳು. ಅವರನ್ನು ಮಾತ್ರ ಬೈಯುತ್ತಿರಲಿಲ್ಲ.

ಆ ಜೂನ್ ತಿಂಗಳ ಬುಧವಾರ ಅವರು ಒಂದು ಹಾಳೆಯ ಮುಂದೆ ನಿಂತವರು ಕದಲಲಿಲ್ಲ. ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ ಓದಿದರು. ಮತ್ತೆ ಹಣೆಗೆ ಏರಿಸಿದರು.

"ಟ್ರಾಸ್ಕ್ ಅಮ್ಮಾವ್ರೇ, ಇದು ಯಾವ ಪುಸ್ತಕ?"

"ಅದೇ ಸಾಹೇಬ್ರೇ, ನಮ್ಮ ಹುಲ್ಡಾ ಪೈಕ್ ಬರೆದದ್ದು. ದೋಣಿಕಡವಿನ ಕಥೆ. ನೀವೂ ಹೆಸರು ಬರೆಸಿದೀರಲ್ಲ."

"ಬರೆಸಿದೀನಿ, ಬರೆಸಿದೀನಿ. ಈ ಹಕ್ಕಿ ಎಲ್ಲಿಂದ ಬಂತು?"

"ಯಾವ ಹಕ್ಕಿ?"

"ಇಲ್ಲಿ ನೋಡಿ. ಹುಡುಗಿ ಸಂಜೆ ಹೊತ್ತು ಅಣ್ಣನ ದಾರಿ ಕಾಯ್ತಾ ಹೊಸ್ತಿಲಲ್ಲಿ ಕೂತಿದಾಳೆ. ಅಣ್ಣ ಯುದ್ಧಕ್ಕೆ ಹೋದವನು ಬಂದಿಲ್ಲ. ಹಿಂದಿನ ತೋಪಿನಲ್ಲಿ ನೈಟಿಂಗೇಲ್ ಹಾಡ್ತಿದೆ." ಸ್ಕ್ವೈರ್ ತಿರುಗಿ ಅವಳನ್ನೇ ನೋಡಿದರು. "ನೀವು ಹುಟ್ಟಿದ್ದು ಇದೇ ಊರಲ್ಲಿ. ನೈಟಿಂಗೇಲ್ ಹಾಡನ್ನ ಎಷ್ಟು ಸಲ ಕೇಳಿದೀರಿ?"

ಲೋಯಿಸ್ ಯೋಚಿಸಿದಳು. ಪುಸ್ತಕಗಳಲ್ಲಿ ನೂರು ಸಲ ಕೇಳಿದ್ದಳು. ಕಿವಿಯಲ್ಲಿ ಕೇಳಿದ ನೆನಪು ಬರಲಿಲ್ಲ.

"ಕೇಳಿರಲ್ಲ. ಯಾಕಂದ್ರೆ ಆ ಹಕ್ಕಿ ಈ ದೇಶದಲ್ಲೇ ಇಲ್ಲ. ನಾನು ಕೇಳಿದ್ದು ಇಂಗ್ಲೆಂಡಿನಲ್ಲಿ, ಅದೂ ಒಂದೇ ಸಲ, ನೆಗಡಿ ಹಿಡಿಸಿಕೊಂಡು. ಇದು ಇಂಗ್ಲಿಷರ ಪುಸ್ತಕ ಕಣಮ್ಮ. ಅವರ ಊರಿದ್ದ ಕಡೆ ನಮ್ಮ ಊರ ಹೆಸರು ಹಾಕಿದಾಳೆ, ಥೇಮ್ಸ್ ತೆಗೆದು ಕನೆಕ್ಟಿಕಟ್ ನದಿ ಹರಿಸಿದಾಳೆ. ಹಕ್ಕಿನ ಓಡಿಸೋದು ಮರೆತಳು."

ಅಚ್ಚಿನ ಮೊಳೆ ಜೋಡಿಸುತ್ತಿದ್ದ ಅಸಾಹೆಲ್ ನೋಯ್ಸನ ಕೈ ನಿಂತಿತು. ಅರವತ್ತು ದಾಟಿದ ಆ ಮುದುಕ ಲೋಯಿಸ್ ಮದುವೆಯಾಗಿ ಬಂದಾಗಿನಿಂದಲೂ ಆ ಅಚ್ಚುಕೂಟದಲ್ಲಿ ಇದ್ದವನು. ತಲೆ ಎತ್ತಲಿಲ್ಲ.

"ಹುಲ್ಡಾ ಅಂಥವಳಲ್ಲ, ಸಾಹೇಬ್ರೇ," ಎಂದಳು ಲೋಯಿಸ್.

"ಎಂಥವಳು ಅಂತ ನಿಮಗೆ ಹೇಗೆ ಗೊತ್ತು? ಅಡಿಗೆಮನೇಲಿ ಮಕ್ಕಳಿಗೆ ಅಕ್ಷರ ಕಲಿಸೋಳು. ದೋಣಿ ನಡೆಸೋನ ಮಗಳು. ಈ ದೇಶ ಹುಟ್ಟಿ ಇಪ್ಪತ್ತೆರಡು ವರ್ಷ. ಅಂಗಿ ಗುಂಡಿ ಹಾಕ್ಕೊಳ್ಳೋಕೆ ಇನ್ನೂ ಬರಲ್ಲ, ಕಥೆ ಬರೆಯುತ್ತಂತೆ." ನಗುತ್ತಲೇ ಹೇಳಿದರು. ಆಮೇಲೆ ನಗು ನಿಲ್ಲಿಸಿದರು. "ಶನಿವಾರ ಬರ್ತೀನಿ. ಅಷ್ಟರಲ್ಲಿ ಇದು ಅವಳದೇ ಅಂತ ನೀವು ನೋಡಿ ಹೇಳಿ. ಇಲ್ಲ ಅಂದ್ರೆ ಪಟ್ಟಿಯಿಂದ ನನ್ನ ಹೆಸರು ತೆಗೀರಿ. ಕೇಲಬ್ ಕಾಲದ್ದನ್ನ ಊರು ಇನ್ನೂ ಮರೆತಿಲ್ಲ."

ಪಟ್ಟಿಯೆಂದರೆ ಪುಸ್ತಕ ಕೊಳ್ಳುತ್ತೇವೆಂದು ಮೊದಲೇ ಒಪ್ಪಿ ಸಹಿ ಹಾಕಿದವರ ಪಟ್ಟಿ. ಪುಸ್ತಕದ ಮೊದಲಲ್ಲೇ ಅದು ಅಚ್ಚಾಗುತ್ತದೆ. ಯಾರ ಹೆಸರಿನ ಪಕ್ಕದಲ್ಲಿ ಯಾರಿದ್ದಾರೆಂದು ಜನ ಕಥೆಗಿಂತ ಮೊದಲು ಅದನ್ನೇ ಓದುತ್ತಾರೆ. ಸ್ಕ್ವೈರ್ ಹೆಸರು ಎಲ್ಲಕ್ಕಿಂತ ಮೇಲಿತ್ತು. ಅದನ್ನು ನೋಡಿಯೇ ಪಾದ್ರಿಗಳು, ವೈದ್ಯರು, ಗಿರಣಿಯವರು ಸಹಿ ಹಾಕಿದ್ದರು. ಮೇಲಿನ ಹೆಸರು ಹೋದರೆ ಕೆಳಗಿನವು ನಿಲ್ಲುವುದು ಕಷ್ಟ.

ಆದರೆ ಲೋಯಿಸ್‌ಗೆ ಇರಿದದ್ದು ಗಂಡ ಕೇಲಬನ ಹೆಸರು. ಒಂಬತ್ತು ವರ್ಷದ ಹಿಂದೆ ಊರಿಗೆ ಬಂದ ಒಬ್ಬ ಸಭ್ಯಸ್ಥ, ತಾನೇ ಬರೆದದ್ದೆಂದು ಪದ್ಯಗಳ ಕಟ್ಟೊಂದನ್ನು ಕೊಟ್ಟಿದ್ದ. ಕೇಲಬ್ ಅವನ ಮಾತು ನಂಬಿ, ನಮ್ಮ ನಾಡಿನ ಕವಿಯೆಂದು ಸಾರಿ, ಒಳ್ಳೆಯ ಕಾಗದದ ಮೇಲೆ ಅಚ್ಚು ಹಾಕಿದ. ಅರ್ಧಕ್ಕರ್ಧ ಇಂಗ್ಲಿಷರ ಹಳೆಯ ಪುಸ್ತಕವೊಂದರಿಂದ ಎತ್ತಿದ್ದು ಎಂದು ಆರು ತಿಂಗಳ ಮೇಲೆ ಗೊತ್ತಾಯಿತು. ಪಟ್ಟಣದ ಪತ್ರಿಕೆಗಳು ನಕ್ಕವು. ಕೇಲಬ್ ಆಮೇಲೆ ಪಂಚಾಂಗ, ಧರ್ಮೋಪದೇಶ, ಮಕ್ಕಳ ಪ್ರಶ್ನೋತ್ತರ, ಹಡಗಿನಲ್ಲಿ ಬಂದ ಇಂಗ್ಲಿಷ್ ಪುಸ್ತಕಗಳ ಮರುಮುದ್ರಣ ಬಿಟ್ಟು ಬೇರೇನೂ ಮಾಡಲಿಲ್ಲ. ಅವನು ಸತ್ತು ಒಂದೂವರೆ ವರ್ಷವಾಗಿತ್ತು. ಈಗ ಅವನ ಹೆಂಡತಿ, ಗೋಡೆಗೋಡೆಗೆ ಅಂಟಿಸುವ ಹಾಳೆಯಲ್ಲಿ ತನ್ನ ಕೈಯಿಂದಲೇ ಮೊಳೆ ಜೋಡಿಸಿದ್ದಳು: ಈ ನಾಡಿನ ಕಥೆ, ಈ ನಾಡಿನವಳೇ ಬರೆದದ್ದು.

ಇದೂ ಕದ್ದದ್ದಾದರೆ ಟ್ರಾಸ್ಕ್ ಎಂಬ ಹೆಸರನ್ನು ಯಾವ ಪುಸ್ತಕದ ಮೇಲೂ ಹಾಕುವಂತಿರಲಿಲ್ಲ.

ಸ್ಕ್ವೈರ್ ಹೋದ ಮೇಲೆ ಅವಳು ಅಚ್ಚುಯಂತ್ರವನ್ನು ನಿಲ್ಲಿಸಿದಳು. ಆ ಹಾಳೆಯ ಕೆಲವೇ ಪ್ರತಿ ತೆಗೆದಿದ್ದರು, ಮೊಳೆ ಇನ್ನೂ ಬಿಚ್ಚಿರಲಿಲ್ಲ. ಹಸ್ತಪ್ರತಿಯನ್ನು ಕಿಟಕಿಯ ಬಳಿ ಇಟ್ಟುಕೊಂಡು ಮೊದಲಿನಿಂದ ಓದತೊಡಗಿದಳು. ಮಾರ್ಚ್ ತಿಂಗಳಲ್ಲಿ ಓದಿದಾಗ ಕಣ್ಣೀರು ಬಂದಿತ್ತು. ಈಗ ಅದೇ ಪುಟಗಳನ್ನು, ಅಂಗಡಿಯಲ್ಲಿ ನಾಣ್ಯ ಕಚ್ಚಿ ನೋಡುವವರ ಹಾಗೆ ಓದಿದಳು.

ಅನುಮಾನದ ಕಣ್ಣಿಗೆ ಎಲ್ಲವೂ ಸಿಗುತ್ತದೆ. ಎರಡನೇ ಅಧ್ಯಾಯದಲ್ಲಿ ಹೊಲದ ಸುತ್ತ ಹೂಬಿಡುವ ಮುಳ್ಳುಬೇಲಿಯಿತ್ತು. ಈ ಊರಲ್ಲಿ ಅಂಥ ಬೇಲಿ ಎಲ್ಲಿದೆ? ಪ್ರತಿ ವಸಂತದಲ್ಲೂ ನೆಲ ಕಲ್ಲು ಉಗುಳುತ್ತದೆ, ಜನ ಅದನ್ನು ಹೊತ್ತು ಹೊತ್ತು ಗೋಡೆ ಕಟ್ಟುತ್ತಾರೆ. ಮೂರನೆಯದರಲ್ಲಿ ಹುಡುಗಿ ಕೊಯ್ಯುವ ಹೂವೂ ಇಲ್ಲಿಯದಲ್ಲ. ಅದಕ್ಕಿಂತ ಹೆಚ್ಚಾಗಿ, ಹಸ್ತಪ್ರತಿಯಲ್ಲಿ ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ. ಪಕ್ಕದಲ್ಲಿ ಪುಸ್ತಕ ತೆರೆದಿಟ್ಟು ನಕಲು ಮಾಡಿದರೆ ಬರಹ ಹೀಗೆಯೇ ಇರುತ್ತದೆ.

"ಅಸಾಹೆಲಣ್ಣ, ನೀನು ಇದರ ಒಂದೊಂದಕ್ಷರ ಜೋಡಿಸಿದೀಯ. ನಿನಗೆ ಏನನ್ನಿಸುತ್ತೆ?"

"ನನ್ನ ಯಾಕೆ ಕೇಳ್ತೀರಿ ಅಮ್ಮಾವ್ರೇ. ನಾನು ಮೊಳೆನ ತಲೆಕೆಳಗಾಗಿ ಓದೋನು." ಕೈಯಲ್ಲಿದ್ದ ಮೊಳೆಯನ್ನು ಗೂಡಿಗೆ ಹಾಕಿ ಹೇಳಿದ. "ಸಕ್ಕರೆ ಮಾಡೋಕೆ ಮೇಪಲ್ ಮರದ ರಸ ಕಾಯಿಸೋ ಕಡೆ ಒಂದು ಮಾತಿದೆಯಲ್ಲ. ಉಕ್ಕಿ ಚೆಲ್ಲಬಾರದು ಅಂತ ಕಡಾಯಿ ಮೇಲೆ ಉಪ್ಪು ಹಂದಿಮಾಂಸದ ತುಂಡು ಇಳಿಬಿಡೋದು. ಲಂಡನ್ನಿನೋರಿಗೆ ಅದು ಗೊತ್ತಿರುತ್ತಾ? ಸ್ಕ್ವೈರ್ ಸಾಹೇಬ್ರಿಗೇ ಗೊತ್ತಿರಲಿಕ್ಕಿಲ್ಲ. ಅವರು ಸಕ್ಕರೆ ಮಾತ್ರ ತಿಂದೋರು."

"ಬೇರೆಯೋರ ಹರಿದ ಕೋಟಿಗೆ ನಮ್ಮ ಮನೆ ಬಟ್ಟೆ ತೇಪೆ ಹಾಕಿದ್ರೆ ಕೋಟು ನಮ್ಮದಾಗುತ್ತಾ?"

ಅವನು ಒರೆಸಿಯೇ ಇದ್ದ ಮೇಜನ್ನು ಇನ್ನೊಮ್ಮೆ ಒರೆಸಿದ. ಅವನಿಗೆ ಏನೋ ಗೊತ್ತಿದೆ, ಹೇಳುತ್ತಿಲ್ಲ ಎಂದು ಅವಳಿಗೆ ತಟ್ಟನೆ ಅನ್ನಿಸಿತು. ಇಪ್ಪತ್ತು ವರ್ಷ ಜೊತೆಯಲ್ಲಿ ದುಡಿದವನ ಮೇಲೆ ಹಾಗೆ ಅನ್ನಿಸಿದ್ದು ಅದೇ ಮೊದಲು.

ಗುರುವಾರ ಮಧ್ಯಾಹ್ನ ಲೋಯಿಸ್ ಒಂದು ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕಡವಿನ ಕಡೆ ನಡೆದಳು. ಬರಿಗೈಯಲ್ಲಿ ಹೋದರೆ ವಿಚಾರಣೆಗೆ ಬಂದಂತೆ ಕಾಣುತ್ತದೆಂದು ಬ್ರೆಡ್ಡು. ಹಾಗೆಂದುಕೊಂಡು ಬ್ರೆಡ್ಡು ಒಯ್ಯುತ್ತಿರುವುದಕ್ಕೆ ದಾರಿಯುದ್ದಕ್ಕೂ ನಾಚಿಕೆಯಾಯಿತು.

ಹುಲ್ಡಾಳ ಅಪ್ಪ ದೋಣಿ ನಡೆಸುತ್ತಿದ್ದ ಕಾಲದ ಮನೆ ಅದು. ಅಪ್ಪ ಹೋಗಿ ಹನ್ನೊಂದು ವರ್ಷ. ದೋಣಿ ಈಗ ಬೇರೆಯವರ ಕೈಯಲ್ಲಿತ್ತು. ಮೂವತ್ತನಾಲ್ಕು ವರ್ಷದ ಹುಲ್ಡಾ ಒಬ್ಬಳೇ ಇದ್ದಳು. ಮಕ್ಕಳು ಆಗಷ್ಟೇ ಮನೆಗೆ ಹೊರಟಿದ್ದವು. ಕೊನೆಯದೊಂದು ಹೆಣ್ಣುಮಗು ಅಳುತ್ತ ನಿಂತಿತ್ತು; ಅದಕ್ಕೆ ಆ ದಿನ ಪಾಠ ಒಪ್ಪಿಸಲು ಬಂದಿರಲಿಲ್ಲ. ಹುಲ್ಡಾ ತನ್ನ ಕರವಸ್ತ್ರದಲ್ಲೇ ಅದರ ಮೂಗು ಒರೆಸಿ, "ನನಗೂ ನಿನ್ನ ವಯಸ್ಸಲ್ಲಿ ಅದೇ ಸಾಲು ಬರ್ತಿರಲಿಲ್ಲ, ಯಾರಿಗೂ ಹೇಳ್ಬೇಡ," ಎಂದು ಕಿವಿಯಲ್ಲಿ ಹೇಳಿ ಕಳಿಸಿದಳು. ಕದಿಯುವವಳ ಕೈ ಹೀಗಿರುತ್ತದೆಯೇ ಎಂದು ಲೋಯಿಸ್ ನೋಡಿದಳು. ಪದ್ಯ ಕದ್ದ ಸಭ್ಯಸ್ಥನೂ ಕೇಲಬನ ನಾಯಿಗೆ ದಿನಾ ಮೂಳೆ ತರುತ್ತಿದ್ದ.

"ಬನ್ನಿ ಅಕ್ಕಾ," ಎನ್ನುತ್ತಲೇ ಹುಲ್ಡಾ ಮೇಜಿನ ಮೇಲಿದ್ದ ಒಂದು ಕಟ್ಟಿನ ಮೇಲೆ ಶಾಲನ್ನು ಎಳೆದಳು. ಸಾಲದೆಂದು ಕಟ್ಟನ್ನು ಶಾಲಿನ ಸಮೇತ ಬೆಂಚಿನ ಮೇಲಿಟ್ಟು ಅದರ ಮೇಲೇ ಕೂತಳು. ಅಷ್ಟರಲ್ಲಿ ಲೋಯಿಸ್ ನೋಡಿಬಿಟ್ಟಿದ್ದಳು. ಅಚ್ಚಿನ ಅಕ್ಷರ. ಹಾಳೆಯ ಅಂಚಿನ ತನಕ ಒತ್ತೊತ್ತಾಗಿ ಅಚ್ಚಾದ ಅಕ್ಷರ.

"ಏನದು?"

"ಏನಿಲ್ಲ. ಹಳೇ ಕಾಗದ."

"ನೀನು ಇಂಗ್ಲಿಷರ ಕಥೆಪುಸ್ತಕ ಓದ್ತೀಯ ಅಲ್ವಾ ಹುಲ್ಡಾ?"

"ಸಿಕ್ಕಿದ್ದನ್ನ ಓದ್ತೀನಿ. ಈ ಊರಲ್ಲಿ ಬೇರೆ ಕಥೆಪುಸ್ತಕ ಎಲ್ಲಿದೆ?" ಹುಲ್ಡಾ ಬ್ರೆಡ್ಡನ್ನು ನೋಡಿದಳು, ಆಮೇಲೆ ಲೋಯಿಸಳ ಮುಖವನ್ನು. "ಯಾಕೆ ಕೇಳ್ತೀರಿ?"

"ಸುಮ್ಮನೆ. ನಾಲ್ಕನೇ ಅಧ್ಯಾಯದಲ್ಲಿ ನೈಟಿಂಗೇಲ್ ಬರುತ್ತಲ್ಲ. ನೀನು ಎಲ್ಲಿ ಕೇಳಿದೆ?"

"ಇಲ್ಲೇ."

ಅಷ್ಟು ಸಲೀಸಾಗಿ ಹೇಳಿದಳು. ಇಲ್ಲದ ಹಕ್ಕಿಯನ್ನು ಇಲ್ಲೇ ಕೇಳಿದೆನೆಂದವಳು ಇನ್ನೇನು ಬೇಕಾದರೂ ಹೇಳಿಯಾಳು ಎಂದು ಲೋಯಿಸ್ ಅಂದುಕೊಂಡಳು. "ಮೊದಲು ಬರೆದ ಕರಡು ಇದ್ರೆ ಕೊಡ್ತೀಯಾ? ಅಚ್ಚಿಗೆ ಅನುಕೂಲ ಆಗುತ್ತೆ."

"ಇಲ್ಲ." ಹುಲ್ಡಾ ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಳು. "ಚೊಕ್ಕಟವಾಗಿ ಬರೆದು ಕೊಟ್ಟಿದೀನಲ್ಲ ಅಕ್ಕಾ. ಅದು ಸಾಲದಾ? ನಿಮಗೆ ಕರಡು ಯಾಕೆ?"

ಮೇಜಿನ ಮೇಲಿದ್ದ ಪಾತ್ರೆಯಿಂದ ಇಬ್ಬರೂ ಚಹಾ ಬಗ್ಗಿಸಿಕೊಂಡು ಕುಡಿದರು. ಹೊಳೆಯ ನೀರು ಇಳಿದದ್ದರ ಬಗ್ಗೆ, ಪಾದ್ರಿಗಳ ಕೆಮ್ಮಿನ ಬಗ್ಗೆ ಮಾತಾಡಿದರು. ಹುಲ್ಡಾ ಬೆಂಚಿನಿಂದ ಏಳಲೇ ಇಲ್ಲ. ಚಹಾ ಮುಗಿದು ಬಟ್ಟಲು ಬರಿದಾದಾಗ ಬಗ್ಗಿಸಿಕೊಡಲು ಕೂಡ ಏಳಲಿಲ್ಲ. ಕೂತಲ್ಲಿಂದಲೇ ಕೈ ಚಾಚಿದಳು.

ಶುಕ್ರವಾರವಿಡೀ ಅಚ್ಚುಯಂತ್ರ ಸುಮ್ಮನೆ ನಿಂತಿತ್ತು. ಅಸಾಹೆಲ್ ಶಾಯಿ ಹಚ್ಚುವ ಚರ್ಮದ ಉಂಡೆಗಳನ್ನು ಬಿಚ್ಚಿ ತೊಳೆದ, ಉಣ್ಣೆ ತುಂಬಿ ಮತ್ತೆ ಹೊಲಿದ. ಲೋಯಿಸ್ ಅಂಗಡಿಯ ಗೂಡಿನಲ್ಲಿದ್ದ ಇಂಗ್ಲಿಷ್ ಕಥೆಪುಸ್ತಕಗಳನ್ನೆಲ್ಲ ತೆಗೆದು ದೋಣಿಗಾಗಿ, ಕಡವಿಗಾಗಿ, ಯುದ್ಧಕ್ಕೆ ಹೋದ ಅಣ್ಣನಿಗಾಗಿ ಹುಡುಕಿದಳು. ನೈಟಿಂಗೇಲ್ ಎಲ್ಲದರಲ್ಲೂ ಇತ್ತು. ಕಡವಿನ ಮನೆ ಯಾವುದರಲ್ಲೂ ಇರಲಿಲ್ಲ. ಆದರೆ ಇಂಗ್ಲೆಂಡಿನಲ್ಲಿ ಎಷ್ಟು ಸಾವಿರ ಪುಸ್ತಕಗಳಿವೆಯೋ, ಅವಳ ಗೂಡಿನಲ್ಲಿದ್ದದ್ದು ನಲವತ್ತು.

ಸಂಜೆ ನಾಲ್ಕಾದಾಗ ಅವಳು ಏಪ್ರನ್ ಬಿಚ್ಚಿದಳು. "ಅಸಾಹೆಲಣ್ಣ, ಕಡವಿಗೆ ಹೋಗಿ ಬರ್ತೀನಿ. ಈ ಸಲ ನೇರವಾಗಿ ಕೇಳ್ತೀನಿ."

"ಅಮ್ಮಾವ್ರೇ." ಮುದುಕ ಅವಳ ಹಿಂದೆಯೇ ಬಾಗಿಲ ತನಕ ಬಂದ. "ಮೆಲ್ಲಗೆ ಕೇಳಿ."

ಈ ಸಲ ಅವಳ ಕೈಯಲ್ಲಿ ಬ್ರೆಡ್ಡಿರಲಿಲ್ಲ. ಹುಲ್ಡಾ ಹಿತ್ತಲಲ್ಲಿ ಹುರುಳಿಕಾಯಿ ಬಳ್ಳಿಗೆ ಕೋಲು ಊರುತ್ತಿದ್ದವಳು ಮಣ್ಣಿನ ಕೈಯಲ್ಲೇ ಎದ್ದು ನಿಂತಳು.

"ಹುಲ್ಡಾ, ಈ ಪುಸ್ತಕ ನಿನ್ನದಲ್ಲ ಅಂತ ಸ್ಕ್ವೈರ್ ಹೇಳ್ತಿದಾರೆ. ಇಂಗ್ಲಿಷರದನ್ನ ನಕಲು ಮಾಡಿದೀಯ ಅಂತೆ."

"ನೀವೇನಂತೀರಿ?"

"ನನಗೆ ಗೊತ್ತಿಲ್ಲ. ಅದಕ್ಕೇ ಬಂದೆ."

ಹುಲ್ಡಾ ಅಳುತ್ತಾಳೆಂದು ಲೋಯಿಸ್ ಅಂದುಕೊಂಡಿದ್ದಳು. ಅವಳು ನಕ್ಕಳು, ಒಳ್ಳೆಯ ನಗುವಲ್ಲ. "ಕದಿಯೋರು ನೀವು. ಕದ್ದೆ ಅಂತ ನನ್ನನ್ನ ಕೇಳ್ತೀರಿ."

"ಏನಂದೆ?"

"ನಿಮ್ಮನ್ನಲ್ಲ. ಅಚ್ಚು ಹಾಕೋ ಜನರನ್ನ ಅಂದೆ. ನಾಲ್ಕು ವರ್ಷದ ಹಿಂದೆ ಒಂದು ದೊಡ್ಡ ಪಟ್ಟಣದ ಪತ್ರಿಕೆಗೆ ಒಂದು ಪದ್ಯ ಕಳಿಸಿದ್ದೆ. ಹಿಮ ಕರಗೋದರ ಮೇಲೆ. ಅಚ್ಚಾಯ್ತು. ಕೆಳಗೆ ಏನಿತ್ತು ಗೊತ್ತಾ? 'ಲಂಡನ್ನಿನ ಪತ್ರಿಕೆಯಿಂದ ಆರಿಸಿದ್ದು.' ಕಾಗದ ಬರೆದು ಕೇಳಿದೆ. ಹಾಗೆ ಹಾಕದಿದ್ರೆ ಯಾರೂ ಓದ್ತಿರಲಿಲ್ಲ, ನೀವು ಸಂತೋಷ ಪಡಬೇಕು ಅಂತ ಉತ್ತರ ಬಂತು. ನನ್ನ ಹತ್ರ ಕರಡು ಕೂಡ ಉಳಿದಿರಲಿಲ್ಲ. ನನ್ನದು ಅಂತ ಯಾರಿಗೆ ತೋರಿಸಲಿ?" ಅವಳು ಕೈಯ ಮಣ್ಣನ್ನು ಉಜ್ಜಿ ಉಜ್ಜಿ ಉದುರಿಸಿದಳು. "ನಿನ್ನೆ ನೀವು ಬ್ರೆಡ್ಡು ತಂದು ಕರಡು ಕೇಳಿದಾಗ ಅಂದುಕೊಂಡೆ, ಇವರೂ ಲಂಡನ್ ಅಂತ ಹಾಕ್ತಾರೆ, ಇರೋ ಒಂದು ಸಾಕ್ಷಿನೂ ಒಯ್ಯೋಕೆ ಬಂದಿದಾರೆ ಅಂತ."

ಲೋಯಿಸ್ ಹಿತ್ತಲ ಮೆಟ್ಟಿಲ ಮೇಲೆ ಕೂತಳು. ಮಾರಾಟ ನಿಂತಾಗಲೆಲ್ಲ ಕೇಲಬ್ ಕೂಡ ಹಾಗೆ ಮಾಡಿದ್ದುಂಟು. ನಮ್ಮೂರ ಪಾದ್ರಿಯ ಉಪದೇಶದ ಮೇಲೆ ಲಂಡನ್ ಎಂದು ಅಚ್ಚು ಹಾಕಿ ಪಕ್ಕದ ಜಿಲ್ಲೆಗೆ ಕಳಿಸಿದ್ದ. ಅದು ಈ ವೃತ್ತಿಯಲ್ಲಿ ಎಲ್ಲರೂ ಮಾಡುವ ಕೆಲಸ. ಕಳ್ಳತನವೆಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ.

"ಕರಡು ಇದೆಯಾ ಹಾಗಾದ್ರೆ?"

"ಇದೆ."

"ಒಯ್ಯಲ್ಲ. ಮುಟ್ಟೋದೂ ಇಲ್ಲ. ನೀನೇ ಹಿಡಿದು ತೋರಿಸು."

ಹುಲ್ಡಾ ಒಳಗೆ ಹೋಗಿ, ಕೈ ತೊಳೆದು, ಕಟ್ಟನ್ನು ತಂದಳು. "ಇದರಿಂದ ಇನ್ನೊಬ್ಬರಿಗೆ ತೊಂದರೆ ಆಗಬಾರದು. ಮಾತು ಕೊಡಿ."

"ಕೊಟ್ಟೆ."

ಮೊದಲ ಹಾಳೆಯ ತುಂಬ ಹುಲ್ಡಾಳ ಕೈಬರಹ. ಆದರೆ ಅಚ್ಚುಕೂಟಕ್ಕೆ ಕೊಟ್ಟ ಚೊಕ್ಕ ಬರಹವಲ್ಲ. ಸಾಲಿನ ಮೇಲೆ ಸಾಲು ಹೊಡೆದು ಹಾಕಿತ್ತು. ಹುಡುಗಿಯ ಹೆಸರು ಮೂರು ಸಲ ಬದಲಾಗಿತ್ತು. ಒಂದು ಕಡೆ ಅಣ್ಣ ಬದುಕಿ ಬಂದಿದ್ದ. ಅದನ್ನು ಉದ್ದಕ್ಕೂ ಗೀರಿ, ಅಂಚಿನಲ್ಲಿ "ಇಲ್ಲ, ಬರಲಿಲ್ಲ" ಎಂದು ಬರೆದಿತ್ತು. ಆ ಗೀರಿನ ಮೇಲೆ ನೀರು ಬಿದ್ದು ಶಾಯಿ ಹರಡಿತ್ತು. ನಕಲು ಮಾಡುವವರು ಹೀಗೆ ತಡಕಾಡುವುದಿಲ್ಲ. ಕಥೆಯಲ್ಲಿ ತಾವೇ ಕೊಂದವನಿಗಾಗಿ ಅಳುವುದೂ ಇಲ್ಲ.

"ಆ ಅಚ್ಚಿನ ಅಕ್ಷರ?"

ಹುಲ್ಡಾ ಹಾಳೆಯನ್ನು ತಿರುಗಿಸಿದಳು. ಹಿಂಬದಿಯಲ್ಲಿ ಪಂಚಾಂಗದ ಪುಟ. ಫೆಬ್ರವರಿ ತಿಂಗಳು, ಅದಕ್ಕೆ ಮೂವತ್ತು ದಿನ.

ಲೋಯಿಸ್‌ಗೆ ಆ ಪುಟ ಗೊತ್ತಿತ್ತು. ಕೇಲಬ್ ಕಾಯಿಲೆಯಿಂದ ಮೇಲೇಳದ ಆ ಚಳಿಗಾಲ, ಜ್ವರದಲ್ಲೇ ಎದ್ದು ಬಂದು, ಯಾರ ಮಾತೂ ಕೇಳದೆ ಜೋಡಿಸಿದ ಕೊನೆಯ ಪುಟ ಅದು. ಇನ್ನೂರು ಹಾಳೆ ಒಂದು ಬದಿ ಅಚ್ಚಾದ ಮೇಲೆ ತಪ್ಪು ಕಂಡಿತ್ತು. ಅವಳು ಅವನಿಗೆ ಹೇಳಿರಲಿಲ್ಲ. ಅಸಾಹೆಲ್‌ಗೆ ಮಾತ್ರ, ಇವನ್ನೆಲ್ಲ ಸುಟ್ಟುಬಿಡು ಎಂದಿದ್ದಳು.

"ಒಲೆ ಹೊತ್ತಿಸೋಕೆ ಅಂತ ಅಸಾಹೆಲಣ್ಣ ತಂದುಕೊಟ್ಟ," ಹುಲ್ಡಾ ಮೆಲ್ಲಗೆ ಹೇಳಿದಳು. "ಮೊದಲು ನಾನೂ ಒಲೆಗೇ ಹಾಕಿದೆ. ಒಂದು ಬದಿ ಬಿಳಿಯಾಗಿತ್ತಲ್ಲ, ಸುಡೋಕೆ ಮನಸ್ಸಾಗಲಿಲ್ಲ. ನಾನು ಬರೀತೀನಿ ಅಂತ ಗೊತ್ತಾದ ಮೇಲೆ ಹಾಳಾದ ಹಾಳೆನೆಲ್ಲ ತಿಂಗಳಿಗೊಂದು ಸಲ ಹಿಂಬಾಗಿಲಲ್ಲಿ ಇಟ್ಟು ಹೋಗ್ತಿದ್ದ. ಕಾಗದ ಎಷ್ಟು ತುಟ್ಟಿ ಅಂತ ನಿಮಗೆ ಗೊತ್ತು. ಅವನನ್ನ ಬೈಬೇಡಿ ಅಕ್ಕಾ."

ಲೋಯಿಸ್ ಆ ಮೂವತ್ತನೇ ತಾರೀಖನ್ನೇ ನೋಡುತ್ತ ಕೂತಳು. ಹುಲ್ಡಾ ಹಾಳೆಯನ್ನು ಅವಳ ಮಡಿಲಲ್ಲಿಟ್ಟು ಕೈ ಬಿಟ್ಟಳು.

ಬಿಸಿಲು ಹೊಳೆಯ ಆಚೆಗೆ ಸರಿದಿತ್ತು. ಮನೆಯ ಹಿಂದಿನ ಜೌಗಿನಲ್ಲಿ, ಮರಗಳ ಕತ್ತಲೆಯೊಳಗಿಂದ, ಒಂದು ಹಕ್ಕಿ ಕೂಗಿತು. ಬಾವಿಯೊಳಗೆ ಕೊಳಲು ಊದಿದ ಹಾಗೆ ಮೂರು ಸ್ವರ. ಕೊನೆಯದು ನಡುಗಿ ಎರಡಾಗಿ ಒಡೆಯಿತು.

"ಕೇಳಿದ್ರಾ? ನಿನ್ನೆ ಕೇಳಿದ್ರಲ್ಲ, ನೈಟಿಂಗೇಲ್ ಎಲ್ಲಿ ಅಂತ."

"ಅದು ನೈಟಿಂಗೇಲ್ ಅಲ್ಲ ಹುಲ್ಡಾ. ಜೌಗು ಹಕ್ಕಿ."

"ಅಪ್ಪನೂ ಜೌಗು ಹಕ್ಕಿ ಅಂತಿದ್ದ. ಪುಸ್ತಕ ಓದಿದ ಮೇಲೆ ಅನ್ನಿಸ್ತು, ಪಾಪ, ಅಪ್ಪನಿಗೆ ಅದರ ಸರಿಯಾದ ಹೆಸರು ಗೊತ್ತಿರಲಿಲ್ಲ ಅಂತ." ಲೋಯಿಸಳ ಮುಖ ನೋಡಿ ಅವಳ ದನಿ ಇಳಿಯಿತು. "ಅಲ್ವಾ? ಪುಸ್ತಕದಲ್ಲಿ ನೈಟಿಂಗೇಲ್ ರಾತ್ರಿಯೆಲ್ಲ ಹಾಡುತ್ತೆ, ಇದು ಕತ್ತಲಾದ ಮೇಲೆ ಹಾಡಲ್ಲ, ಅದೊಂದು ನನಗೂ ಅನುಮಾನ ಇತ್ತು. ನಮ್ಮ ಕಡೇದು ಬೇಗ ಮಲಗುತ್ತೇನೋ ಅಂದುಕೊಂಡೆ."

"ನೈಟಿಂಗೇಲ್ ಈ ದೇಶದಲ್ಲೇ ಇಲ್ಲವಂತೆ. ಮೊನ್ನೆ ಸ್ಕ್ವೈರ್ ಹೇಳೋ ತನಕ ನನಗೂ ಗೊತ್ತಿರಲಿಲ್ಲ. ನಾನು ಹುಟ್ಟಿದ್ದೂ ಇಲ್ಲೇ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಈ ಸಲ ಹುಲ್ಡಾ ನಕ್ಕಾಗ ಲೋಯಿಸ್‌ಗೂ ನಗು ತಡೆಯಲಾಗಲಿಲ್ಲ.

"ಆ ಹೂಬೇಲಿ?"

"ಅದು ಬೇಕಂತಲೇ ಹಾಕಿದ್ದು. ಕಲ್ಲು ಹೊತ್ತು ಬೆನ್ನು ಬಾಗಿರೋರು ಪುಸ್ತಕದಲ್ಲೂ ಕಲ್ಲುಗೋಡೆನೇ ಓದಬೇಕಾ ಅಂತ."

"ಓದಲಿ. ಗೋಡೆ ಹಾಕು. ಹಕ್ಕಿನೂ ನಮ್ಮದನ್ನೇ ಹಾಕು."

ಹುಲ್ಡಾ ಒಪ್ಪಲಿಲ್ಲ. ಜೌಗು ಹಕ್ಕಿ ಎಂದರೆ ಕಾಲಿಗೆ ಕೆಸರು ಮೆತ್ತಿಕೊಂಡ ಹಾಗಿದೆ, ನೈಟಿಂಗೇಲ್ ಇಲ್ಲದ್ದನ್ನು ಪುಸ್ತಕವೆಂದು ಯಾರೂ ಕರೆಯುವುದಿಲ್ಲ ಎಂದಳು. ಲೋಯಿಸ್ ಒತ್ತಾಯ ಮಾಡಲಿಲ್ಲ. ಸ್ವಲ್ಪ ಹೊತ್ತು ಕೂತು ಆ ಹಕ್ಕಿಯನ್ನು ಕೇಳಿದರು, ಅಷ್ಟೆ. ಎದ್ದು ಹೊರಡುವಾಗ ಲೋಯಿಸ್, "ನಿನ್ನ ಮೇಲೆ ಅನುಮಾನ ಪಟ್ಟೆ, ಹುಲ್ಡಾ," ಎಂದಳು.

"ನಾನೂ ನಿಮ್ಮ ಮೇಲೆ ಪಟ್ಟೆ. ನಿಮ್ಮ ಬ್ರೆಡ್ಡು ಕೂಡ ನಿನ್ನೆ ತಿನ್ನಲಿಲ್ಲ. ಬೆಳಿಗ್ಗೆ ತಿಂದೆ, ಚೆನ್ನಾಗಿತ್ತು."

ಶನಿವಾರ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹುಲ್ಡಾ ಬಂದು ಒಂದು ಮಡಿಸಿದ ಹಾಳೆ ಕೊಟ್ಟು, ನಿಲ್ಲದೆ ಹೋದಳು. ಬೇಲಿಯ ಜಾಗದಲ್ಲಿ ಕಲ್ಲುಗೋಡೆ ಬಂದಿತ್ತು. ಹೊಸ್ತಿಲಲ್ಲಿ ಕೂತ ಹುಡುಗಿ ಕೇಳುವ ಹಕ್ಕಿಯ ಬಗ್ಗೆ ಏಳು ಸಾಲು. ಅಪ್ಪ ಅದನ್ನು ಕರೆಯುತ್ತಿದ್ದ ಹೆಸರು, ಅದರ ಕೊನೆಯ ಸ್ವರ ಒಡೆಯುವ ಬಗೆ, ಕತ್ತಲಾಗುತ್ತಲೇ ಅದು ಸುಮ್ಮನಾದಾಗ ಹೊಳೆಯ ಸದ್ದೊಂದೇ ಉಳಿಯುವುದು. ಮೊದಲಿದ್ದದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು.

ಅಸಾಹೆಲ್ ಜೋಡಿಸಿ ಒಂದು ಪ್ರತಿ ತೆಗೆದ. ಪಂಚಾಂಗದ ಹಾಳೆಗಳ ವಿಷಯ ಲೋಯಿಸ್ ಅವನಿಗೆ ಏನೂ ಹೇಳಿರಲಿಲ್ಲ. ನೈಟಿಂಗೇಲ್ ಇದ್ದ ಹಾಳೆಗಳನ್ನು ಹಗ್ಗದಿಂದ ತೆಗೆದು ಅವನ ಮೇಜಿನ ಮೇಲೆ ಇಟ್ಟಳು. "ಇವು ಹಾಳಾದವು. ಹುಲ್ಡಾಗೆ ಕೊಟ್ಟು ಬಾ. ಮುಂಬಾಗಿಲಿಂದಲೇ ಹೋಗು."

ಮುದುಕ ಹಾಳೆಗಳ ಅಂಚು ಸಮ ಮಾಡಿದ. ಸಮವಾದ ಮೇಲೂ ಮಾಡುತ್ತಲೇ ಇದ್ದ. "ಕೇಲಬ್ ಯಜಮಾನ್ರದ್ದನ್ನ ಸುಡೋಕೆ ಆಗಲಿಲ್ಲ ಅಮ್ಮಾವ್ರೇ," ಎಂದ.

"ಗೊತ್ತು," ಎಂದಳು ಲೋಯಿಸ್.

ಸ್ಕ್ವೈರ್ ಹತ್ತು ಗಂಟೆಗೆ ಬಂದರು. "ಏನಾಯ್ತು?"

"ಅವಳದೇ, ಸಾಹೇಬ್ರೇ. ಕರಡು ನೋಡಿದೆ."

"ತೋರಿಸಿ."

"ಅದು ಅವಳದು. ಇನ್ನೊಬ್ಬರಿಗೆ ತೋರಿಸೋ ಹಕ್ಕು ನನಗಿಲ್ಲ. ನಾನು ನೋಡಿದೀನಿ ಅಂತ ಮಾತು ಕೊಡ್ತೀನಿ."

"ಕೇಲಬ್ ಕೂಡ ಮಾತು ಕೊಟ್ಟಿದ್ದ."

"ಅವರು ನೋಡದೆ ಕೊಟ್ಟಿದ್ರು."

ಅವಳು ಹೊಸ ಹಾಳೆಯನ್ನು ಅವರ ಕೈಗಿತ್ತಳು. ಸ್ಕ್ವೈರ್ ಕನ್ನಡಕ ಇಳಿಸಿ ಓದಿದರು. ಇನ್ನೊಮ್ಮೆ ಓದಿದರು. ಅವರ ತುಟಿ ಆ ಏಳು ಸಾಲಿನ ಮೇಲೆ ಸದ್ದಿಲ್ಲದೆ ಅಲುಗಿತು.

"ಈ ಹಕ್ಕಿ ನಮ್ಮ ಹಿತ್ತಲಲ್ಲೂ ಕೂಗುತ್ತೆ," ಎಂದರು, ತಮಗೇ ಹೇಳಿಕೊಂಡಂತೆ. ಆಮೇಲೆ ಕನ್ನಡಕ ಮೇಲೇರಿತು. "ತಪ್ಪು ಹಿಡಿದ ಮೇಲೆ ತಿದ್ದೋದು ಯಾರಿಗಾದರೂ ಬರುತ್ತೆ. ನನ್ನ ಹೆಸರು ತೆಗೀರಿ."

"ತೆಗೀತೀನಿ."

ಹೋಗುವಾಗ ಆ ಹಾಳೆಯನ್ನು ಮಡಿಸಿ ಕೋಟಿನ ಒಳಜೇಬಿಗೆ ಹಾಕಿಕೊಂಡರು. ಲೋಯಿಸ್ ನೋಡಿಯೂ 'ವಾಪಸ್ ಕೊಡಿ' ಎನ್ನಲಿಲ್ಲ. ಮುಂದಿನ ವಾರ ಪಾದ್ರಿಗಳು ಹೆಸರು ತೆಗೆಸಿದರು, ಗಿರಣಿಯವರು ತೆಗೆಸಿದರು. ವೈದ್ಯರು ಮಾತ್ರ, ತಮ್ಮ ಹೆಂಡತಿ ಆಗಲೇ ಎಲ್ಲರಿಗೂ ಹೇಳಿಬಿಟ್ಟಿದ್ದಾಳೆ, ಈಗ ತೆಗೆಸಿದರೆ ಮನೆಯಲ್ಲಿ ಊಟ ಸಿಗಲಿಕ್ಕಿಲ್ಲ ಎಂದು ಉಳಿದರು. ಹೊಳೆಯಾಚೆಯ ರೈತರಲ್ಲಿ ಕೆಲವರು, ಹುಲ್ಡಾಳ ಹತ್ತಿರ ಅಕ್ಷರ ಕಲಿತ ಮಕ್ಕಳ ತಾಯಂದಿರು, ಸಹಿ ಬಾರದೆ ಗುರುತು ಹಾಕಿ ಹೋದರು. ಪಟ್ಟಿ ಗಿಡ್ಡವಾಯಿತು, ಆದರೆ ಪೂರ್ತಿ ಬಿದ್ದುಹೋಗಲಿಲ್ಲ.

ಪುಸ್ತಕದ ಮೊದಲ ಪುಟವನ್ನು ಎಲ್ಲಕ್ಕಿಂತ ಕೊನೆಗೆ ಜೋಡಿಸುವುದು ವಾಡಿಕೆ. ಜುಲೈ ಮುಗಿಯುತ್ತ ಬಂದಾಗ ಲೋಯಿಸ್ ಹುಲ್ಡಾಳನ್ನು ಕರೆಸಿದಳು. ಹೆಂಗಸರ ಪುಸ್ತಕಕ್ಕೆ ಎಲ್ಲರೂ ಹಾಕುವಂತೆ "ಒಬ್ಬ ಹೆಣ್ಣುಮಗಳು ಬರೆದದ್ದು" ಎಂದು ಹಾಕಲು ಮೊದಲೇ ಮಾತಾಗಿತ್ತು.

"ಹಾಗೆ ಹಾಕಿದ್ರೆ, ಯಾವ ಹೆಣ್ಣುಮಗಳು ಅಂತ ಕೇಳ್ತಾರೆ," ಲೋಯಿಸ್ ಹೇಳಿದಳು. "ಹೆಸರಿಲ್ಲದ ಪುಸ್ತಕ ಅಂದ್ರೆ ಲಂಡನ್ನಿಂದ ಬಂತು ಅಂತಲೇ ಲೆಕ್ಕ. ನಿನ್ನ ಹೆಸರು ಹಾಕೋಣ. ಊರ ಹೆಸರೂ ಹಾಕೋಣ."

ಹುಲ್ಡಾ ಬೆವರಿದಳು. "ಟೊಪ್ಪಿಗೆ ಇಲ್ಲದೆ ಬೀದೀಲಿ ನಡೆದ ಹಾಗಾಗುತ್ತೆ ಅಕ್ಕಾ. ಚರ್ಚಿಗೆ ಹೋದಾಗ ಎಲ್ಲರೂ ತಿರುಗಿ ನೋಡ್ತಾರೆ."

"ಈಗಲೂ ನೋಡ್ತಾರೆ. ಕದ್ದವಳು ಅಂತ."

ಅದು ಕಠಿಣವಾಯಿತೇನೋ ಎಂದು ಲೋಯಿಸ್ ನಾಲಿಗೆ ಕಚ್ಚಿಕೊಂಡಳು. ಹುಲ್ಡಾ ಮೊಳೆಗಳ ಪೆಟ್ಟಿಗೆಯ ಕಡೆ ತಿರುಗಿ ಒಂದು ಮೊಳೆ ಎತ್ತಿ ನೋಡಿದಳು. ಅಸಾಹೆಲ್ ಒಂದು ಸ್ಟೂಲು ತಂದು ಅವಳ ಹಿಂದೆ ಇಟ್ಟು, ಸದ್ದಿಲ್ಲದೆ ತನ್ನ ಜಾಗಕ್ಕೆ ಹೋದ.

"ಹಾಕಿ," ಎಂದಳು ಕೊನೆಗೆ. "ಅಕ್ಷರ ಸಣ್ಣದಿರಲಿ."

ಅವಳು ಹೋದ ಮೇಲೆ ಅಸಾಹೆಲ್ ಸಣ್ಣ ಮೊಳೆಗಳಲ್ಲಿ ಆ ಹೆಸರನ್ನು ಜೋಡಿಸಿದ. ಲೋಯಿಸ್ ಅದರ ಮೇಲೆ ಬೆರಳಾಡಿಸಿದಳು. ಪಕ್ಕದ ಗೂಡಿನಲ್ಲಿ ದಪ್ಪ ಮೊಳೆಗಳಿದ್ದವು. ಕೇಲಬ್ ತುಂಬ ಆಸೆಯಿಂದ ತರಿಸಿದ್ದು. ಹುಲ್ಡಾಳ ಮೇಲೆ ಪಟ್ಟ ಅನುಮಾನಕ್ಕೆ ಪ್ರತಿಯಾಗಿ, ಹೊಳೆಯಾಚೆಯಿಂದಲೇ ಓದುವಷ್ಟು ದೊಡ್ಡದಾಗಿ ಹಾಕಬೇಕೆಂದು ಅವಳಿಗೆ ತುಂಬ ಅನ್ನಿಸಿತು. ಕೈ ಆ ಗೂಡಿನ ತನಕ ಹೋಗಿಯೂ ಬಿಟ್ಟಿತು.

"ದಪ್ಪದ್ದು ಕೊಡ್ಲಾ ಅಮ್ಮಾವ್ರೇ?"

"ಬೇಡ," ಎಂದಳು. "ಅವಳು ಕೇಳಿದಷ್ಟೇ ಇರಲಿ."

ಅಸಾಹೆಲ್ ಶಾಯಿ ಹಚ್ಚಿದ. ಅವಳು ಹಾಳೆ ಹಾಸಿದಳು.